ಅಂಗೈಯ ವಾಸನೆ

ಚಿರತೆಯನ್ನು ಮೊದಲು ಮುಟ್ಟಿದವಳು ಸಮತಾ.

ರಿಪ್ಪನ್‌ಪೇಟೆಯ ಪಶು ಆಸ್ಪತ್ರೆಯ ಹಿಂದೆ, ದನಗಳನ್ನು ನಿಲ್ಲಿಸುವ ಕಬ್ಬಿಣದ ಚೌಕಟ್ಟಿನ ಪಕ್ಕದಲ್ಲಿ, ನೀಲಿ ಟಾರ್ಪಾಲಿನ ಮೇಲೆ ಅದು ಒಂದು ಮಗ್ಗುಲಾಗಿ ಬಿದ್ದಿತ್ತು. ಹಂದಿಗೆಂದು ಯಾರೋ ಬೇಲಿಯಲ್ಲಿ ಒಡ್ಡಿದ ತಂತಿಯ ಉರುಳು ಅದರ ಮುಂಗಾಲಿಗೆ ಬಿಗಿದು ಮೂಳೆಯ ತನಕ ಇಳಿದಿತ್ತು. ಮೃಗಾಲಯದ ಡಾಕ್ಟರು ರವಿಶಂಕರ ಶಿವಮೊಗ್ಗದಿಂದ ಬಂದು ಕೋವಿಯಿಂದ ಅಮಲಿನ ಸೂಜಿ ಹೊಡೆದು ಅದನ್ನು ಕೆಡವಿದ್ದರು. ಅಷ್ಟು ದೂರ ಸಾಗಿಸುವ ಮುಂಚೆ ರಕ್ತ ನಿಲ್ಲಿಸಿ ಹೊಲಿಗೆ ಹಾಕಬೇಕಿತ್ತು. ಹತ್ತಿರ ಇದ್ದದ್ದು ಈ ಆಸ್ಪತ್ರೆ. ಇಲ್ಲಿಯ ಡಾಕ್ಟರು ಅಂದು ರಜೆಯಲ್ಲಿದ್ದರು. ಇದ್ದವರು ಕಾಂಪೌಂಡರ್ ಪದ್ಮಣ್ಣ ಮತ್ತು ಅವನ ತಮ್ಮನ ಮಗಳು ಸಮತಾ. ಡಿಪ್ಲೊಮಾ ಮುಗಿಸಿ ಎರಡು ವರ್ಷದಿಂದ ಅವಳು ಅವನ ಕೈಕೆಳಗೆ ಹಂಗಾಮಿ ಕೆಲಸದಲ್ಲಿದ್ದಳು.

ಸಮತಾ ಚಿರತೆಯ ಕಿವಿಗಳಿಗೆ ಹತ್ತಿ ಇಟ್ಟಳು. ತೆರೆದೇ ಇದ್ದ ಕಣ್ಣುಗಳಿಗೆ ಮುಲಾಮು ಹಚ್ಚಿ ಬಟ್ಟೆ ಮುಚ್ಚಿದಳು. ಬಾಯಿಂದ ಇಳಿಯುತ್ತಿದ್ದ ಜೊಲ್ಲನ್ನು ಒರೆಸಿದಳು. ಆಮೇಲೆ ಯೋಚನೆಯಿಲ್ಲದೆಯೇ ಅಂಗೈಯನ್ನು ಮೂಗಿನ ಹತ್ತಿರ ತಂದು ಒಮ್ಮೆ ಮೂಸಿದಳು.

ಹಾಗೆ ಮೂಸುವುದು ಪದ್ಮಣ್ಣನ ಅಭ್ಯಾಸ. ಹಸುವಿನ ಬಾಯಿ ಒರೆಸಿ ಕೈ ಮೂಸಿದರೆ ಅರ್ಧ ಕಾಯಿಲೆ ಗೊತ್ತಾಗುತ್ತದೆ ಎಂದು ಅವನೇ ಅವಳಿಗೆ ಹೇಳಿಕೊಟ್ಟಿದ್ದ. ಕರು ಹಾಕಿದ ಹಸು ಮೇವು ಬಿಟ್ಟು ನಿಂತಾಗ ಅದರ ಉಸಿರು ಕಳಿತ ಹಣ್ಣಿನ ಹಾಗೆ ಸಿಹಿಯಾಗಿದ್ದರೆ ಒಂದು ಔಷಧಿ, ಹುಳಿ ನಾತವಿದ್ದರೆ ಇನ್ನೊಂದು. ಮೂವತ್ತೈದು ವರ್ಷ ಅವನು ಸಾಗರ, ತೀರ್ಥಹಳ್ಳಿ, ಹೊಸನಗರದ ಕೊಟ್ಟಿಗೆಗಳಲ್ಲಿ ಹೀಗೆ ಕೈ ಮೂಸಿಕೊಂಡು ತಿರುಗಿದ್ದ. ಈಗ ಅವನ ಅಭ್ಯಾಸ ಅವಳ ಕೈಯಲ್ಲಿತ್ತು, ಆ ಕೈಯಲ್ಲಿ ಚಿರತೆಯ ಜೊಲ್ಲಿತ್ತು. ಪದ್ಮಣ್ಣನ ಬಾಯಿ ಕಂಚಿಕಾಯಿ ಕಚ್ಚಿದಂತೆ ಕಹಿಯಾಯಿತು.

ತಾನೂ ಏನಾದರೂ ಮಾಡಬೇಕೆನ್ನಿಸಿತು. ಹುಲ್ಲು ತುಂಬಿದ ಎರಡು ಗೋಣಿಚೀಲಗಳನ್ನು ಕಂಕುಳಲ್ಲಿ ಇರುಕಿಕೊಂಡು ಅವನು ಮುಂದೆ ಬಂದ.

"ಹೋ ಹೋ, ತಾಯೀ, ಹೆದರ್ಬೇಡ," ಎಂದು ದೊಡ್ಡ ದನಿಯಲ್ಲಿ ಚಿರತೆಗೆ ಹೇಳಿದ. ಆ ದನಿಗೆ ಹಾಯುವ ಹೋರಿಗಳೂ ನಿಲ್ಲುತ್ತಿದ್ದವು. "ಹಿಂಗೆ ಮಗ್ಗುಲಾಗಿ ಬಿಡ್ಬಾರ್ದು ಸಾರ್. ಎದೆ ಮೇಲೆ ಕೂರಿಸ್ಬೇಕು, ಇಲ್ದಿದ್ರೆ ಹೊಟ್ಟೆ ಉಬ್ಬರ್ಸುತ್ತೆ. ನಾನು ಎರಡೂ ಕಡೆ ಚೀಲ ಒತ್ತು ಕೊಡ್ತೀನಿ."

ರವಿಶಂಕರ ತಲೆಯೆತ್ತಲಿಲ್ಲ. ಕೈಯನ್ನಷ್ಟೇ ಮೇಲೆತ್ತಿದರು.

"ದೊಡ್ಡಪ್ಪಾ," ಸಮತಾ ಪಿಸುದನಿಯಲ್ಲಿ ಹೇಳಿದಳು, "ಇದು ಮೆಲುಕು ಹಾಕೋ ಪ್ರಾಣಿ ಅಲ್ಲ. ಮತ್ತೆ... ಮಾತಾಡ್ಬೇಡಿ. ನಮ್ಮ ದನಿ ಕೇಳಿದ್ರೆ ಅದಕ್ಕೆ ಇನ್ನೂ ಭಯ."

ಗೋಡೆಯ ಹತ್ತಿರ ನಿಂತಿದ್ದ ಫಾರೆಸ್ಟ್ ಗಾರ್ಡ್ ದಿನೇಶನಿಗೆ ನಗು ತಡೆಯಲಾಗಲಿಲ್ಲ. "ಪದ್ಮಣ್ಣೋರೆ, ಹಂಗೇ ಒಂದು ಬುಟ್ಟಿ ಹಿಂಡಿನೂ ಕಲಸ್ಕಂಡು ಬನ್ನಿ ಮಾರಾಯ್ರೆ. ಎಚ್ಚರ ಆದ್ ಕೂಡ್ಲೇ ಹಾಲು ಕರ್ಕಂಬಹುದು," ಎಂದು ಬಾಯಿಗೆ ಕೈ ಅಡ್ಡ ಹಿಡಿದ.

ಪದ್ಮಣ್ಣ ಚೀಲಗಳನ್ನು ಕೆಳಗಿಟ್ಟ. ಮುಂದಿನ ಮುಕ್ಕಾಲು ಗಂಟೆ ಅವನು ಗ್ಲೂಕೋಸ್ ಬಾಟಲಿಯನ್ನು ಎತ್ತಿ ಹಿಡಿದು ನಿಂತಿದ್ದ. ಸಮತಾ ಚಿರತೆಯ ಪಕ್ಕೆಯ ಮೇಲೆ ಕೈಯಿಟ್ಟು ಉಸಿರು ಎಣಿಸಿದಳು, ಡಾಕ್ಟರು ಹೊಲಿದರು. ಪಕ್ಕೆ ಏಳುತ್ತ ಇಳಿಯುತ್ತ ಇತ್ತು. ಚರ್ಮದ ಮೇಲಿನ ಕಪ್ಪು ಗುರುತುಗಳು ಅವಳ ಬೆರಳಿನ ಸಂದಿಯಲ್ಲಿ ಹಿಗ್ಗುವುದನ್ನೂ ಕುಗ್ಗುವುದನ್ನೂ ಅವನು ನೋಡುತ್ತಲೇ ಇದ್ದ. ಒಂದೇ ಒಂದು ಸಲ ಮುಟ್ಟುತ್ತೇನೆ ಎಂದು ಕೇಳಲು ನಾಲಿಗೆ ಏಳಲಿಲ್ಲ.

ಚಿರತೆಯನ್ನು ಬೋನಿನಲ್ಲಿ ಮಲಗಿಸಿ ವ್ಯಾನಿಗೆ ಏರಿಸಿದ ಮೇಲೆ ರವಿಶಂಕರ ಕೈ ತೊಳೆಯುತ್ತ ಸಮತಾಳಿಗೆ ಹೇಳಿದರು: "ಆರ್ಡರ್ ಬಂತಲ್ಲಮ್ಮ? ಸೋಮವಾರ ಬಂದು ರಿಪೋರ್ಟ್ ಮಾಡ್ಕೋ. ನೀನು ಬರ್ಲಿಲ್ಲ ಅಂದ್ರೆ ಮುಂದಿನವರನ್ನ ಕರೀತಾರೆ. ಶನಿವಾರ ಸಂಜೆ ಒಳಗೆ ನಂಗೊಂದು ಫೋನ್ ಮಾಡು."

ಸಮತಾ ದೊಡ್ಡಪ್ಪನ ಮುಖ ನೋಡಿದಳು. ಮೃಗಾಲಯದಲ್ಲಿ ಕೆಲಸ ಸಿಕ್ಕಿ ಅವಳಿಗೆ ಆರ್ಡರ್ ಬಂದ ವಿಷಯ ಅವನಿಗೆ ಗೊತ್ತಿರಲಿಲ್ಲ.

*

"ನಂಗೆ ಯಾಕೆ ಹೇಳ್ಲಿಲ್ಲ?" ಮನೆಗೆ ನಡೆಯುವಾಗ ಅವನು ಕೇಳಿದ.

"ಹೇಳನ ಹೇಳನ ಅಂತಿದ್ದೆ ದೊಡ್ಡಪ್ಪ. ನಿಮಗೂ ಒಂದ್ಸಲ ಸಿಕ್ಕಿದ್ದನ್ನ ಬಿಟ್ಟಿದ್ರಲ್ಲ. ಬೇಜಾರು ಮಾಡ್ಕತೀರೇನೋ ಅಂತ..."

ಹೊಟ್ಟೆಕಿಚ್ಚನ್ನಾದರೂ ತಡೆದುಕೊಳ್ಳಬಹುದಿತ್ತು, ಈ ಕನಿಕರವನ್ನು ತಡೆಯಲಾಗಲಿಲ್ಲ. ಪದ್ಮಣ್ಣ ಹೆಜ್ಜೆ ಬಿರುಸು ಮಾಡಿದ.

ಇಪ್ಪತ್ತೆಂಟು ವರ್ಷದ ಹಿಂದೆ ಅವನಿಗೂ ಅಂಥದೇ ಕಾಗದ ಬಂದಿತ್ತು. ಮೃಗಾಲಯದ ಆಸ್ಪತ್ರೆಗೆ ಸಹಾಯಕನಾಗಿ ಬರುವುದೆಂದು. ಚಿಕ್ಕಂದಿನಿಂದ ಅವನಿಗೆ ಇದ್ದ ಆಸೆ ಅದೊಂದೇ. ಹದಿನೈದು ದಿನ ಆ ಕಾಗದವನ್ನು ಅಂಗಿಯ ಜೇಬಿನಲ್ಲಿಟ್ಟುಕೊಂಡು ತಿರುಗಿ, ಕೊನೆಗೆ ಬರಲಾಗುವುದಿಲ್ಲವೆಂದು ಬರೆದು ಹಾಕಿದ. ಹುಲಿ ಚಿರತೆಗಳಿಗೆ ಮಾಂಸ ಕೊಡಬೇಕು. ಮಾತ್ರೆಯನ್ನು ಮಾಂಸದ ತುಂಡಿನೊಳಗೆ ಇಟ್ಟು ಕೊಡಬೇಕು. ಸೋಸದ ನೀರು ಕುಡಿಯದ, ಹೊತ್ತು ಮುಳುಗಿದ ಮೇಲೆ ಉಣ್ಣದ ಮನೆಯವರು ತಾವು. ಹೆಂಡತಿ ಪ್ರಭಾವತಿ ಒಪ್ಪಲಿಲ್ಲ ಎಂದು ಅವನು ತಮ್ಮನಿಗೆ ಹೇಳಿದ. ಬಸದಿಯಲ್ಲಿ ಕೇಳಿದವರಿಗೂ ಹಾಗೆಯೇ ಹೇಳಿದ. ಜನ ಮೆಚ್ಚಿದರು. ಹೋದ ಕಾರ್ತಿಕದಲ್ಲಿ ಪ್ರಭಾವತಿ ತೀರಿಕೊಂಡಾಗ ಬಂದ ಹೆಂಗಸರೆಲ್ಲ ಅದನ್ನೇ ಹೇಳಿ ಕಣ್ಣೊರೆಸಿಕೊಂಡರು: ಗಂಡನನ್ನು ಅಂಥ ಪಾಪದ ಕೆಲಸದಿಂದ ತಪ್ಪಿಸಿದ ಪುಣ್ಯಾತ್ಮೆ. ಪದ್ಮಣ್ಣ ತಲೆ ತಗ್ಗಿಸಿ ಕುಳಿತು ಕೇಳಿದ್ದ.

ಸಮತಾಳನ್ನು ಎತ್ತಿ ಆಡಿಸಿದವಳು ಪ್ರಭಾವತಿ. ತನಗೆ ಮಕ್ಕಳಿಲ್ಲದ ಕೊರಗನ್ನು ಪಕ್ಕದ ಮನೆಯ ಈ ಕೂಸಿನಲ್ಲಿ ಮರೆತಿದ್ದಳು. ಹುಡುಗಿ ಅಮ್ಮನ ಮಾತು ಮೀರಿಯಾಳು, ದೊಡ್ಡಮ್ಮನ ಮಾತು ಮೀರಿದವಳಲ್ಲ.

*

ಶುಕ್ರವಾರ ಸಂಜೆ, ಬಿಸಿಲಿರುವಾಗಲೇ ಊಟ ಮುಗಿಸಿ, ತಮ್ಮ ಸನ್ಮತಿಯ ಮನೆಯ ಜಗಲಿಯಲ್ಲಿ ಎಲ್ಲರೂ ಕುಳಿತರು. ಸನ್ಮತಿ ಬಸ್ ಸ್ಟ್ಯಾಂಡಿನ ಹತ್ತಿರ ಬಟ್ಟೆ ಅಂಗಡಿ ಇಟ್ಟವನು, ಮೆತ್ತನೆಯ ಮನುಷ್ಯ. ಅವನ ಹೆಂಡತಿ ಸುಮನಾ ಮಾತ್ರ ಕಂಬಕ್ಕೆ ಒರಗದೆ ನೆಟ್ಟಗೆ ಕುಳಿತಿದ್ದಳು.

"ಹಸು ಎಮ್ಮೆ ನೋಡ್ಕಂಡು ಇಲ್ಲೇ ಇದ್ರೆ ಎಂತ ಆಗುತ್ತೆ ಇವಳಿಗೆ?" ಎಂದಳು ಸುಮನಾ. "ಮಾಂಸ ಮುಟ್ಟೋ ಕೆಲ್ಸ ಬೇಕಾ?"

"ಮಾಂಸ ಕತ್ತರಿಸಕ್ಕೆ ಬೇರೆಯವ್ರು ಇದಾರೆ ಅಮ್ಮಾ," ಎಂದಳು ಸಮತಾ. "ನಾನು ಕತ್ತರಿಸಲ್ಲ. ಆದ್ರೆ ಮಾತ್ರೆ ಇಟ್ಟು ಕೊಡ್ಬೇಕಾಗುತ್ತೆ. ಅದ್ರಲ್ಲಿ ಸುಳ್ಳು ಹೇಳಲ್ಲ ನಾನು. ಕಾಯಿಲೆ ಹುಲಿಗೆ ಬೆಲ್ಲದಲ್ಲಿ ಮಾತ್ರೆ ಕೊಟ್ರೆ ತಿನ್ನುತ್ತಾ?"

"ತಿನ್ನದಿದ್ರೆ ಬಿಡ್ಲಿ!"

"ಬಿಟ್ರೆ ಸಾಯುತ್ತಮ್ಮಾ. ಸಾಯಿಸೋದು ಪಾಪ ಅಲ್ವಾ?"

ಸನ್ಮತಿ ಇಬ್ಬರನ್ನೂ ನೋಡಿ ಸೋತವನಂತೆ ಅಣ್ಣನ ಕಡೆ ತಿರುಗಿದ. "ಅಣ್ಣಾ, ನಮಗೆ ಇದೆಲ್ಲ ತಿಳಿಯಲ್ಲ. ನೀನು ಅದೇ ಕೆಲಸದವನು. ಬಸದಿ, ವ್ರತ ಅಂತ ನಡ್ಕಂಡು ಬಂದವನೂ ನೀನೇ. ಹೋಗು ಅಂದ್ರೆ ಹೋಗ್ಲಿ, ಬ್ಯಾಡ ಅಂದ್ರೆ ಬ್ಯಾಡ."

ಸಮತಾ ದೊಡ್ಡಪ್ಪನ ಕಡೆ ನೋಡಿದಳು. ಅವನು ತನ್ನ ಪರ ಎಂಬ ನಂಬಿಕೆ ಅವಳ ಮುಖದಲ್ಲಿ ನಿಚ್ಚಳವಾಗಿತ್ತು. ಪದ್ಮಣ್ಣನಿಗೆ ಕಂಡದ್ದು ಆ ಮುಖವಲ್ಲ. ಕಪ್ಪು ಗುರುತುಗಳ ಮೇಲೆ ಹಗುರವಾಗಿ ಇಟ್ಟಿದ್ದ ಕೈ. ಸೋಮವಾರದಿಂದ ಆ ಕೈ ದಿನವೂ ಅಲ್ಲಿರುತ್ತದೆ. ತಾನು ಯಾರದೋ ಎಮ್ಮೆಯ ಮೂಗು ಹಿಡಿದು ನಿಂತಿರುತ್ತೇನೆ, ಬರುವ ವರ್ಷ ನಿವೃತ್ತಿಯಾಗಿ ಅದೂ ಇರುವುದಿಲ್ಲ.

"ನಿನ್ನ ದೊಡ್ಡಮ್ಮ ಇದ್ದಿದ್ರೆ ಎಂತ ಹೇಳ್ತಿದ್ಳು ಅಂತ ನಿಂಗೊತ್ತಲ್ಲ ಮಗಾ," ಎಂದ ಪದ್ಮಣ್ಣ.

ಸುಮನಾ ತಲೆಯಾಡಿಸಿದಳು.

"ಬೇಡ ಅಂದಿದ್ರಾ?" ಸಮತಾ ಕೇಳಿದಳು.

"ಅಂದಿದ್ಳು. ಮಾಂಸ ಮುಟ್ಟಿದ ಕೈಯಲ್ಲಿ ದೇವರಿಗೆ ಹೂ ಏರ್ಸೋದು ಹ್ಯಾಗೆ ಅಂದಿದ್ಳು. ನಾನು ಬಿಟ್ಟೆ. ನಾನೇನು ಸತ್ತು ಹೋದ್ನಾ?"

ಹೇಳಿದ್ದು ಧರ್ಮದ ಮಾತೇ, ಅದರಲ್ಲಿ ತಪ್ಪಿಲ್ಲ ಎಂದು ಅವನು ತನಗೆ ತಾನೇ ಹೇಳಿಕೊಂಡ. ಮಾತು ಧರ್ಮದ್ದು ನಿಜ. ಬಾಯಿ ಅದನ್ನು ಯಾತಕ್ಕೆ ಆಡಿತೆಂಬುದೂ ಅವನಿಗೆ ತಿಳಿದಿತ್ತು.

ಸಮತಾ ನೆಲದ ಮೇಲೆ ಬೆರಳಿನಿಂದ ಒಂದು ಗೆರೆ ಎಳೆದು ಅಳಿಸಿದಳು. ಆಮೇಲೆ, "ಆಯ್ತು," ಎಂದಳು. "ನಾಳೆ ಸಂಜೆ ಫೋನ್ ಮಾಡಿ ಬರಲ್ಲ ಅಂತ ಹೇಳ್ತೀನಿ."

ಸುಮನಾ ಭಾವನಿಗೆ ಕೈ ಮುಗಿಯುವಷ್ಟು ಸಮಾಧಾನಪಟ್ಟಳು.

*

ಮರುದಿನ ಬೆಳಿಗ್ಗೆ ಬಸದಿಯಲ್ಲಿ ಪದ್ಮಣ್ಣ ಪಂಚನಮಸ್ಕಾರ ಮಂತ್ರ ಹೇಳಲು ಕುಳಿತ. ನೂರೆಂಟು ಮುಗಿಯುವ ಮೊದಲೇ ಮೂರು ಸಲ ಸಾಲು ತಪ್ಪಿತು. ಮೂರು ಸಲವೂ ಮೊದಲಿಂದ ಶುರು ಮಾಡಿದ. ನಾಲ್ಕನೆಯ ಸಲ ಜಪಮಾಲೆ ಜೇಬಿಗೆ ಹಾಕಿಕೊಂಡು ಎದ್ದು ಬಂದ.

ಮಧ್ಯಾಹ್ನ ಪಕ್ಕದ ಹಳ್ಳಿಯ ಕನ್ನಮ್ಮನ ಮನೆಯಿಂದ ಕರೆ ಬಂತು. ಅವಳ ಎಮ್ಮೆ ಎರಡು ದಿನದಿಂದ ಮೇವು ಮುಟ್ಟಿರಲಿಲ್ಲ. ಪದ್ಮಣ್ಣ ಬೈಕು ಹೊರಡಿಸಿದ. ಸಮತಾ ಔಷಧಿಯ ಚೀಲ ಹಿಡಿದು ಹಿಂದೆ ಕುಳಿತಳು.

ಕೊಟ್ಟಿಗೆಯಲ್ಲಿ ಪದ್ಮಣ್ಣ ಎಮ್ಮೆಯ ಮೂಗಿನ ಹೊಳ್ಳೆಗೆ ಬೆರಳು ಹಾಕಿ ಮುಖ ಮೇಲೆತ್ತಿದ. ಸಮತಾ ಬಿದಿರಿನ ಗೊಟ್ಟದಲ್ಲಿ ಔಷಧಿ ತುಂಬಿ ಅದರ ದವಡೆಯ ಪಕ್ಕದಿಂದ ಹೊಯ್ದಳು. ಒಂದು ಹನಿ ಹೊರಗೆ ಬೀಳಲಿಲ್ಲ. ಅವನು ಕಲಿಸಿದ್ದಕ್ಕಿಂತ ಚೆನ್ನಾಗಿಯೇ ಹೊಯ್ದಳು. ಆಮೇಲೆ ಎಮ್ಮೆಯ ಬಾಯಿ ಒರೆಸಿದಳು, ಕೈ ಮೂಸಲಿಲ್ಲ. ಮೂಸಲು ಮರೆತವಳಂತೆ ಕೈಯನ್ನು ಗೋಣಿಗೆ ಉಜ್ಜಿಕೊಂಡಳು.

"ಎಂತ ಕೂಸೇ, ಮುಖ ಹಿಂಗ್ ಮಾಡ್ಕಂಡಿದೀಯ?" ಕನ್ನಮ್ಮ ಬಾಗಿಲಲ್ಲಿ ನಿಂತು ಕೇಳಿದಳು. "ನಮ್ಮ ಎಮ್ಮೇನೇ ವಾಸಿ ನಿಂಗಿಂತ. ಮದುವೆ ಮಾತು ಎಂತಾರು ಬಂತಾ?"

"ಎಂತದೂ ಇಲ್ಲ ಕನ್ನಮ್ಮ."

"ಬನ್ನಿ ಬನ್ನಿ, ಕೈ ಕಾಲು ತೊಳ್ಕಳಿ. ಬಚ್ಚಲಲ್ಲಿ ಬಿಸಿನೀರು ಕಾಸಿಟ್ಟಿದೀನಿ."

ಕೊಟ್ಟಿಗೆಗೆ ತಾಗಿದ ಬಚ್ಚಲಿನಲ್ಲಿ ತಾಮ್ರದ ಹಂಡೆಯ ಕೆಳಗೆ ಉರಿ ನಿಧಾನವಾಗಿ ಹೊಗೆಯಾಡುತ್ತಿತ್ತು. ಪದ್ಮಣ್ಣ ಚೊಂಬಿನಲ್ಲಿ ನೀರು ಮೊಗೆದವನು ಹಾಗೆಯೇ ನಿಂತ. ಕೈ ಮೇಲೆ ಸುರಿದುಕೊಳ್ಳಲಿಲ್ಲ.

"ದೊಡ್ಡಪ್ಪಾ," ಸಮತಾ ಹಿಂದೆ ಬಂದು ಕೇಳಿದಳು, "ದೊಡ್ಡಮ್ಮ ಅವತ್ತು ಸರಿಯಾಗಿ ಎಂತ ಅಂದಿದ್ರು? ಅಪ್ಪನ ಎದುರು ಅರ್ಧ ಹೇಳಿದ್ರಿ. ಅವ್ರು ಹೇಳಿದ ಹಾಗೇ ಹೇಳಿ. ಅದನ್ನ ನೆನಪಲ್ಲಿ ಇಟ್ಕಂಡ್ರೆ ನಂಗೆ ಬಿಡಕ್ಕೆ ಸುಲಭ ಆಗುತ್ತೆ."

ಅವಳ ದನಿಯಲ್ಲಿ ಸಂಶಯವಿರಲಿಲ್ಲ. ಇದ್ದಿದ್ದರೆ ಅವನು ಗದರಿ ತಪ್ಪಿಸಿಕೊಳ್ಳುತ್ತಿದ್ದ.

"ಬಚ್ಚಲ ಒಲೆ ಮುಂದೆ ಕೂತಿದ್ಳು," ಎಂದು ಶುರು ಮಾಡಿದ. "ನಾನು ಕಾಗದ ತೋರ್ಸಿದೆ. ಓದಿ, ಮಡಚಿ, ವಾಪಸ್ ಕೊಟ್ಳು..."

"ಹೂಂ."

ಪದ್ಮಣ್ಣ ಒಲೆಯ ಕಡೆ ನೋಡಿದ. ಸತ್ತವಳ ಬಾಯಲ್ಲಿ ಇನ್ನೊಂದು ಮಾತು ಇಡಬೇಕಿತ್ತು. ಸಿಕ್ಕಲಿಲ್ಲ. ಅವಳು ಆಡಿದ ಮಾತೇ ಎದುರಿಗೆ ಬಂದು ನಿಂತುಬಿಟ್ಟಿತ್ತು, ಆ ದಿನ ಉಟ್ಟಿದ್ದ ಹಸಿರು ಸೀರೆಯ ಸಮೇತ, ಮೂಗಿನ ಮೇಲೆ ಹತ್ತಿದ್ದ ಮಸಿಯ ಸಮೇತ.

"ಹೋಗಿ ಅಂದ್ಳು."

ಸಮತಾ ಔಷಧಿಯ ಚೀಲವನ್ನು ಕೆಳಗಿಟ್ಟಳು.

"ಹೋಗಿ. ಬಂದ ಕೂಡ್ಲೇ ಒಳಗೆ ಬರ್ಬೇಡಿ, ಸೀದಾ ಬಚ್ಚಲಿಗೆ ಬನ್ನಿ, ನಾನು ದಿನಾ ಬಿಸಿನೀರು ಕಾಸಿಟ್ಟಿರ್ತೀನಿ. ಮಿಂದು ದೇವರ ಮುಂದೆ ಕೂತ್ರೆ ಆಯ್ತಲ್ಲ. ಹಂಗಂದ್ಳು. ಬೇಡ ಅಂದಿದ್ದು ನಾನು. ಜನ ಎಂತ ಅಂತಾರೋ, ಬಸದೀಲಿ ಹಿಂದೆ ಕೂರ್ಸಿಬಿಡ್ತಾರೋ ಅಂತ ಭಯ ಆಯ್ತು. ನನ್ನ ಪುಕ್ಕಲುತನಕ್ಕೆ ಅವಳ ಹೆಸ್ರು ಹಾಕ್ದೆ."

"ಮತ್ತೆ ನಿನ್ನೆ?" ಸಮತಾಳ ದನಿ ಕೀರಲಾಯಿತು. "ನಿನ್ನೆ ಯಾಕೆ ಹಂಗಂದ್ರಿ ದೊಡ್ಡಪ್ಪ?"

ಪದ್ಮಣ್ಣ ಚೊಂಬಿನ ನೀರನ್ನು ಮತ್ತೆ ಹಂಡೆಗೇ ಹೊಯ್ದ.

"ನೀನು ಅದರ ಪಕ್ಕೆ ಮೇಲೆ ಕೈಯಿಟ್ಟಿದ್ಯಲ್ಲ," ಎಂದ. "ನಂಗೆ ಅದು ತಡ್ಯಕ್ಕೆ ಆಗ್ಲಿಲ್ಲ."

ಸಮತಾ ಅವನನ್ನೇ ನೋಡಿದಳು. ಔಷಧಿಯ ಚೀಲ ಅಲ್ಲೇ ಬಿಟ್ಟು ಅಂಗಳ ದಾಟಿ ಗೇಟಿನ ಹೊರಗೆ ಹೋಗಿ ನಿಂತಳು. ಸ್ವಲ್ಪ ಹೊತ್ತಿನ ಮೇಲೆ ಅವಳು ಫೋನಿನಲ್ಲಿ ಮಾತಾಡುವುದು ಕೇಳಿಸಿತು. "ಸಾರ್, ಸಮತಾ ಸಾರ್, ರಿಪ್ಪನ್‌ಪೇಟೆಯಿಂದ. ಹೂಂ ಸಾರ್. ಸೋಮವಾರ ಬರ್ತೀನಿ."

ಬೈಕಿನಲ್ಲಿ ವಾಪಸ್ ಬರುವಾಗ ಅವಳು ಅವನ ಹೆಗಲು ಹಿಡಿಯಲಿಲ್ಲ. ಹಿಂದಿನ ಕಂಬಿ ಹಿಡಿದು ಕುಳಿತಿದ್ದಳು.

ತಮ್ಮನಿಗೆ ವಿಷಯವನ್ನು ಪದ್ಮಣ್ಣನೇ ಹೇಳಿದ, ಅಂಗಡಿಯಲ್ಲಿ, ಗಿರಾಕಿಗಳಿಲ್ಲದ ಹೊತ್ತು ನೋಡಿ. ಸನ್ಮತಿ ಅಳತೆಪಟ್ಟಿಯನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ ಕೇಳಿದ. "ಇಪ್ಪತ್ತೆಂಟು ವರ್ಷ ಅಣ್ಣಾ?" ಎಂದಷ್ಟೇ ಅಂದ. ಸುಮನಾ ಅಷ್ಟಕ್ಕೆ ಬಿಡಲಿಲ್ಲ. "ಅಕ್ಕ ಇದ್ದಾಗ ಒಂದಿನ ಬಾಯಿ ಬಿಟ್ಟಿದ್ರಾ ನೀವು? ಎಲ್ರೂ ಹೊಗಳ್ತಿದ್ರೆ ಅವ್ರು ಸುಮ್ನೆ ನಗ್ತಿದ್ರು. ನಾನು ಆ ನಗು ಎಂತಕ್ಕೆ ಅಂತ ತಿಳೀದೇ ಇದ್ದೆ," ಎಂದು ಸೆರಗಿನಿಂದ ಮೂಗೊರೆಸಿಕೊಂಡಳು. ಆಮೇಲೆ, ಇನ್ನು ತಡೆಯುವ ದಾರಿಯಿಲ್ಲವೆಂದು ತಿಳಿದು, "ಹೋಗೋದಾದ್ರೆ ಹೋಗ್ಲಿ. ಆದ್ರೆ ಆ ಮೈಯಲ್ಲಿ ನನ್ನ ಅಡಿಗೆಮನೆಗೆ ಕಾಲಿಡೋ ಹಂಗಿಲ್ಲ," ಎಂದಳು.

"ನಮ್ಮನೆ ಬಚ್ಚಲಿದೆ," ಎಂದ ಪದ್ಮಣ್ಣ.

*

ಸೋಮವಾರ ಹೋದ ಸಮತಾ ಆ ವಾರವೆಲ್ಲ ಅಲ್ಲಿಯೇ ಉಳಿದಳು. ಅಮ್ಮನಿಗೆ ದಿನಾ ಫೋನ್ ಮಾಡುತ್ತಿದ್ದಳು. ದೊಡ್ಡಪ್ಪನಿಗೆ ಕೊಡು ಎಂದು ಒಂದು ಸಲವೂ ಕೇಳಲಿಲ್ಲ. ಪದ್ಮಣ್ಣ ಆಸ್ಪತ್ರೆಯಲ್ಲಿ ಒಬ್ಬನೇ ದನಗಳ ಮೂಗು ಹಿಡಿದು ಒಬ್ಬನೇ ಗೊಟ್ಟ ಹೊಯ್ದ; ಅರ್ಧ ಔಷಧಿ ಅಂಗಿಯ ತೋಳಿಗಾಯಿತು. ಈಗ ಅವಳು ಯಾವ ಬೋನಿನ ಮುಂದೆ ಇರಬಹುದು ಎಂಬ ಯೋಚನೆ ಹೊತ್ತಲ್ಲದ ಹೊತ್ತಿನಲ್ಲಿ ಬಂದು ಅವನನ್ನು ಚುಚ್ಚುತ್ತಿತ್ತು. ಬಸದಿಯಲ್ಲಿ ಕೂಡ. ಅಲ್ಲಿ ಅವನು ಯಾರೂ ಹೇಳದೆಯೇ ಹಿಂದಿನ ಸಾಲಿನಲ್ಲಿ ಕೂರತೊಡಗಿದ್ದ.

ಭಾನುವಾರ ಅವಳಿಗೆ ರಜೆ. ಶನಿವಾರ ನಾಲ್ಕೂವರೆಯ ಬಸ್ಸಿಗೆ ಬರುತ್ತಾಳೆಂದು ಸುಮನಾ ಹೇಳಿದ್ದಳು. ಪದ್ಮಣ್ಣ ಮೂರು ಗಂಟೆಗೇ ಮನೆಗೆ ಬಂದ. ಪ್ರಭಾವತಿ ಹೋದ ಮೇಲೆ ಅವನು ತಣ್ಣೀರಿನಲ್ಲಿ ಮೀಯುತ್ತಿದ್ದುದರಿಂದ ಬಚ್ಚಲ ಒಲೆಯಲ್ಲಿ ಜೇಡ ಬಲೆ ಕಟ್ಟಿತ್ತು. ಗೋಡೆಯ ಗೂಡಿನಲ್ಲಿ ಅವಳು ಉಜ್ಜಲೆಂದು ಇಟ್ಟಿದ್ದ ಹುಣಸೆಹಣ್ಣು ಕಲ್ಲಾಗಿತ್ತು. ಅವನು ಅದನ್ನೇ ನೆನೆಸಿ ಹಂಡೆ ತೊಳೆದ, ಅದರ ಬಾಯಿಗೆ ಬಿಳಿ ಬಟ್ಟೆ ಕಟ್ಟಿ ನೀರು ಸೋಸಿ ತುಂಬಿದ, ಸೌದೆಯ ಮೇಲೆ ಇರುವೆಯಿಲ್ಲವೆಂದು ಒಂದೊಂದನ್ನೂ ನೋಡಿ ಒಲೆಗಿಟ್ಟ. ಮೊದಲು ಹೊಗೆ ಬಂತು, ಆಮೇಲೆ ಉರಿ.

ಸಮತಾ ಹಿತ್ತಲ ಬಾಗಿಲಿಂದ ಬಂದಳು. ಖಾಕಿ ಅಂಗಿ, ಕಾಲಿಗೆ ದಪ್ಪನೆಯ ಬೂಟು. ಸ್ವಲ್ಪ ಸೊರಗಿದ್ದಳು. ಒಲೆಯ ಮುಂದೆ ಕುಕ್ಕುರುಗಾಲಿನಲ್ಲಿ ಕುಳಿತಿದ್ದ ದೊಡ್ಡಪ್ಪನನ್ನು ನೋಡಿ ಬಾಗಿಲಲ್ಲೇ ನಿಂತಳು.

"ಅಮ್ಮ ಇಲ್ಲಿಗೆ ಹೋಗು ಅಂದ್ರು," ಎಂದಳು.

"ಹೂಂ. ನೀರು ಕಾಯ್ತಾ ಇದೆ."

ಇಬ್ಬರೂ ಉರಿಯನ್ನೇ ನೋಡಿದರು. ಕೇಳಬಾರದೆಂದು ಇಡೀ ವಾರ ಅಂದುಕೊಂಡದ್ದನ್ನು ಅವನು ಕೇಳಿಯೇಬಿಟ್ಟ.

"ಯಾವ್ಯಾವ್ದು ಮುಟ್ಟಿದೆ?"

ಸಮತಾ ಬಾಗಿಲ ಚೌಕಟ್ಟಿಗೆ ಒರಗಿದಳು. "ಎರಡು ಜಿಂಕೆ. ಒಂದು ಕರಡಿ," ಎಂದಳು. "ಮತ್ತೆ ನಮ್ದು. ಇಲ್ಲಿಂದ ಹೋದ ಚಿರತೆ. ಇವತ್ತು ಅಮಲು ಕೊಟ್ಟು ಗಾಯ ಬಿಚ್ಚಿ ನೋಡಿದ್ರು. ಕೂಡ್ಕಂತಾ ಇದೆ. ನಾಳಿದ್ದಿಂದ ಕಾಲು ಊರಬಹುದು ಅಂದ್ರು ಸಾರ್."

"ಉಸಿರು ಎಣಿಸಿದ್ದು ಯಾರು?"

"ನಾನೇ."

ಪದ್ಮಣ್ಣ ತಲೆಯಾಡಿಸಿದ. ಕೊಳ್ಳಿಯೊಂದನ್ನು ಒಳಗೆ ದೂಡಿದ, ದೂಡಬೇಕಾಗಿರಲಿಲ್ಲ. ಅವನ ದವಡೆ ಬಿಗಿದುಕೊಂಡಿದ್ದು ಉರಿಯ ಬೆಳಕಿನಲ್ಲಿ ಅವಳಿಗೆ ಕಾಣಿಸುತ್ತಿತ್ತು. ಅವಳು ಬೂಟು ಬಿಚ್ಚಿ ಹೊರಗಿಟ್ಟು, ಒಳಗೆ ಬಂದು, ಅವನ ಎದುರಿಗೆ ಮಣ್ಣಿನ ನೆಲದ ಮೇಲೆ ಕುಳಿತಳು.

"ಸೋಪು ಹಾಕಿ ಎರಡು ಸಲ ತೊಳ್ದೆ ದೊಡ್ಡಪ್ಪ," ಎಂದಳು. "ಆದ್ರೂ ವಾಸನೆ ಹೋಗಿಲ್ಲ."

ಬಲಗೈಯನ್ನು ಬಿಚ್ಚಿ ಅವನ ಮುಖದ ಹತ್ತಿರ ಹಿಡಿದಳು.

ಪದ್ಮಣ್ಣ ಆ ಅಂಗೈಯನ್ನು ನೋಡಿದ. ಆಮೇಲೆ ಎಮ್ಮೆಯ ರೋಗ ಕಂಡುಹಿಡಿಯುವವನಂತೆ ಎರಡೂ ಕೈಯಿಂದ ಅವಳ ಮಣಿಕಟ್ಟು ಹಿಡಿದು, ತಲೆ ಬಗ್ಗಿಸಿ, ಮೂಸುತ್ತ ಕಣ್ಣು ಮುಚ್ಚಿದ. ಹಂಡೆಯ ನೀರು ಅಡಿಯಲ್ಲಿ ಸಣ್ಣಗೆ ಸದ್ದು ಮಾಡತೊಡಗಿತ್ತು. ಅದು ಕುದಿಯುವ ತನಕ ಅವನು ತಲೆ ಎತ್ತಲಿಲ್ಲ, ಅವಳೂ ಕೈ ಎಳೆದುಕೊಳ್ಳಲಿಲ್ಲ.